ಎಷ್ಟಕ್ಕೆ ಬಿತ್ತು? ಆನ್‌ಲೈನ್‌ನಲ್ಲಿ ಕಂಪ್ಯೂಟರ್ ಬಿಡಿಭಾಗ ಕೊಳ್ಳುವ ನನ್ನ ಲೆಕ್ಕ

ವೆಬ್‌ಸೈಟಿನಲ್ಲಿ ದಪ್ಪಕ್ಷರದಲ್ಲಿ ಕಾಣುವ ಬೆಲೆಯನ್ನು ನಾನು ಹೋಲಿಸಲು ಹೋಗುವುದಿಲ್ಲ. ಸಾಗಣೆ, ಕಾರ್ಡಿನ ಶುಲ್ಕ, ಬ್ಯಾಂಕಿನ ರಿಯಾಯಿತಿ ಎಲ್ಲ ಕೂಡಿ ಕಳೆದ ಮೇಲೆ ವಸ್ತು ಶಿವಮೊಗ್ಗಕ್ಕೋ ತೀರ್ಥಹಳ್ಳಿಗೋ ಎಷ್ಟಕ್ಕೆ ಬಿತ್ತು ಅನ್ನುವುದೊಂದೇ ಲೆಕ್ಕ. ಒಂದು ಹಾಳೆಯಲ್ಲಿ ಏಳು ಕಾಲಂ ಎಳೆದುಕೊಳ್ಳುತ್ತೇನೆ: ಮಾಡೆಲ್ ಸಂಖ್ಯೆ, ಪುಟದ ಬೆಲೆ, ಸಾಗಣೆ, ಪಾವತಿ ಶುಲ್ಕ, ರಿಯಾಯಿತಿ, ವಾರಂಟಿ, ಕೊನೆಗೆ ಬಿದ್ದ ಬೆಲೆ. ಮೊದಲ ಕಾಲಂ ತಪ್ಪಿದರೆ ಉಳಿದ ಆರೂ ದಂಡ.

ಒಂದೇ ಹೆಸರಿನಲ್ಲಿ ಎರಡು ಸರಕು ಓಡಾಡುವುದು ಈ ವ್ಯಾಪಾರದಲ್ಲಿ ಮಾಮೂಲು. ಆರ್‌ಟಿಎಕ್ಸ್ 3050 ಗ್ರಾಫಿಕ್ಸ್ ಕಾರ್ಡನ್ನೇ ನೋಡಿ. 8 ಜಿಬಿಯದರಲ್ಲಿ 2560 ಕೋರ್ (ಲೆಕ್ಕ ಮಾಡುವ ಘಟಕ), 128 ಬಿಟ್ ಬಸ್ (ಮೆಮೊರಿಗೆ ಹೋಗಿಬರುವ ದಾರಿಯ ಅಗಲ). 6 ಜಿಬಿಯದರಲ್ಲಿ 2304 ಕೋರ್, 96 ಬಿಟ್ ಬಸ್. ಅಗ್ಗ ಸಿಕ್ಕಿತು ಅಂದುಕೊಂಡದ್ದು ನಿಜಕ್ಕೂ ಬೇರೆಯದೇ ಕಾರ್ಡು. ಆರ್‌ಎಕ್ಸ್ 580 ಗ್ರಾಫಿಕ್ಸ್ ಕಾರ್ಡ್ ಕೊಳ್ಳುವಾಗ ಪುಟದ ಯಾವುದೋ ಮೂಲೆಯಲ್ಲಿ ‘2048ಎಸ್‌ಪಿ’ ಅಂತಿದ್ದರೆ ಅದೂ ಕಡಿಮೆ ಕೋರಿನದು. ಅಸಲಿಯಲ್ಲಿ 2304 ಇರುತ್ತವೆ. ರೈಜನ್ 5 5500 ಮತ್ತು 5600 ಪ್ರೊಸೆಸರುಗಳು ಅಣ್ಣತಮ್ಮಂದಿರ ಹಾಗೆ ಕಂಡರೂ ಮೊದಲನೆಯದರ ಎಲ್3 ಕ್ಯಾಶ್ (ಒಳಗಿನ ವೇಗದ ಮೆಮೊರಿ) 16 ಎಂಬಿ, ಎರಡನೆಯದರದು 32. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ. ಒಂದಿಷ್ಟು ಉಳಿಯಿತೆಂದು ಅದನ್ನು ತರಿಸಿ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಮಾನಿಟರ್ ಕಪ್ಪಗೇ ಕೂತಿರುತ್ತದೆ.

ಪ್ರೊಸೆಸರಿನಲ್ಲಿ ಇನ್ನೊಂದು ಸೂಕ್ಷ್ಮ ಉಂಟು. ಡಬ್ಬಿಯಲ್ಲಿ ಬರುವುದಕ್ಕೆ ಕಂಪನಿಯದೇ ಮೂರು ವರ್ಷದ ವಾರಂಟಿ ಇರುತ್ತದೆ. ಡಬ್ಬಿಯಿಲ್ಲದೆ ‘ಟ್ರೇ’ ಅಥವಾ ‘ಓಇಎಂ’ ಅಂತ ಮಾರುವುದಕ್ಕೆ ಅಂಗಡಿಯವರ ಮಾತೇ ವಾರಂಟಿ. ರೈಜನ್ 5 5600ರ ಡಬ್ಬಿ ಸರಕಿನ ಸಂಖ್ಯೆ 100-100000927, ಅದರ ಬಾಲಕ್ಕೆ ‘ಬಾಕ್ಸ್’ ಅಂಟಿಕೊಂಡಿರುತ್ತದೆ. ಈ ಸಂಖ್ಯೆಯನ್ನೇ ಹುಡುಕಾಟಕ್ಕೆ ಹಾಕುತ್ತೇನೆ, ಹೆಸರನ್ನಲ್ಲ.

ಎಲ್ಲಿ ಹುಡುಕುವುದು? ಅಮೆಜಾನ್, ಫ್ಲಿಪ್‌ಕಾರ್ಟ್ ಎಲ್ಲರಿಗೂ ಗೊತ್ತು. ಬಿಡಿಭಾಗಗಳನ್ನೇ ಮಾರುವ ಎಂಡಿ ಕಂಪ್ಯೂಟರ್ಸ್, ವೇದಾಂತ್, ಪ್ರೈಮ್ ಎಬಿಜಿಬಿ ಇವನ್ನೂ ನೋಡಬೇಕು. ಅಮೆಜಾನಿನ ಹಳೆಯ ಬೆಲೆಗೆ ಕೀಪಾ ಎಂಬ ಸೈಟಿನ ಗ್ರಾಫ್, ಫ್ಲಿಪ್‌ಕಾರ್ಟಿಗೂ ಸೇರಿಸಿ ಬೇಕೆಂದರೆ ಬೈಹಟ್ಕೆ. ‘60% ರಿಯಾಯಿತಿ’ ಅನ್ನುವುದು ಎಂಆರ್‌ಪಿಯ ಮೇಲಿನ ಲೆಕ್ಕ. ಆ ಎಂಆರ್‌ಪಿಗೆ ಯಾರೂ ಕೊಂಡಿರುವುದಿಲ್ಲ. ನಾನು ನೋಡುವುದು ಹಿಂದಿನ ಮೂರು ತಿಂಗಳ ತಳದ ಬೆಲೆ ಮಾತ್ರ. ಸೇಲ್ ಶುರುವಾಗುವ ಎರಡು ವಾರ ಮೊದಲು ಗೆರೆ ಮೇಲೇರಿ, ಸೇಲಿನ ದಿನ ಮೊದಲಿದ್ದಲ್ಲಿಗೇ ಇಳಿದರೆ ಅದನ್ನು ಇಳಿಕೆ ಎನ್ನಲಾಗದು.

ಸಾಗಣೆಯ ಲೆಕ್ಕದಲ್ಲಿ ಎಡವುವುದು ಕ್ಯಾಬಿನೆಟ್ಟಿನಲ್ಲಿ, ಅಂದರೆ ಕಂಪ್ಯೂಟರಿನ ಹೊರಪೆಟ್ಟಿಗೆಯಲ್ಲಿ. ಕೊರಿಯರಿನವರು ತೂಕ ಅಥವಾ ಗಾತ್ರ, ಯಾವುದು ಹೆಚ್ಚೋ ಅದಕ್ಕೆ ದುಡ್ಡು ಹಾಕುತ್ತಾರೆ. ಸೆಂಟಿಮೀಟರಿನಲ್ಲಿ ಉದ್ದ, ಅಗಲ, ಎತ್ತರ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. 52×28×50ರ ಪೆಟ್ಟಿಗೆಯೆಂದರೆ 72,800, ಭಾಗಿಸಿದರೆ 14.56 ಕೆಜಿ. ಒಳಗಿನ ಕ್ಯಾಬಿನೆಟ್ ಬರೀ ಏಳು ಕೆಜಿ ಇದ್ದರೂ ಹದಿನೈದರ ಬಾಡಿಗೆ. ಹಾಗಾಗಿ ಒಂದೇ ಕಡೆ ಎಲ್ಲವನ್ನೂ ಬುಟ್ಟಿಗೆ ಹಾಕುವುದು ನನಗೆ ಗಿಟ್ಟುವುದಿಲ್ಲ. ಅಂಗೈಯಗಲದ ಸಾಮಾನು, ಅಂದರೆ ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ, ಎಲ್ಲಿ ಅಗ್ಗವೋ ಅಲ್ಲಿಂದ. ಕ್ಯಾಬಿನೆಟ್, ಮಾನಿಟರ್ ಸಾಗಣೆ ಪುಕ್ಕಟೆ ಇರುವಲ್ಲಿಂದ, ಇಲ್ಲವೇ ಊರಿನ ಅಂಗಡಿಯಿಂದ. ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಯವರು ಫೋನಿನಲ್ಲಿ ಒಳ್ಳೆಯ ದರ ಹೇಳಿದರೆ ವಿಆರ್‌ಎಲ್ ಅಥವಾ ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೊದಲ್ಲಿ ಹಾಕಿಸಬಹುದು, ನಾವೇ ಹೋಗಿ ಬಿಡಿಸಿಕೊಂಡು ಬರುವುದಾದರೆ.

ಪಿನ್‌ಕೋಡ್ ಮೊದಲೇ ಹಾಕಿ ನೋಡಿ. ಶಿವಮೊಗ್ಗದ 577201ಕ್ಕೆ ತೋರಿಸಿದ ಮಾರಾಟಗಾರ ತೀರ್ಥಹಳ್ಳಿಯ 577432 ಹಾಕಿದ ಕೂಡಲೇ ಮಾಯವಾಗಿ, ಇನ್ನೊಬ್ಬ ಹೆಚ್ಚಿನ ದರ ಹಿಡಿದು ನಿಲ್ಲುವುದುಂಟು. ಶಿವಮೊಗ್ಗದಲ್ಲಿ ಪರಿಚಯದವರ ವಿಳಾಸ ಇದ್ದರೆ ಅದಕ್ಕೇ ತರಿಸುವುದು ಲೇಸು.

ಪಾವತಿಗೆ ಬಂದರೆ, ಬಿಡಿಭಾಗದ ಸೈಟುಗಳಲ್ಲಿ ಕ್ರೆಡಿಟ್ ಕಾರ್ಡಿಗೆ ಸುಮಾರು 2% ಶುಲ್ಕ ಬೀಳುವುದುಂಟು, ಯುಪಿಐಗೆ ಬೀಳುವುದಿಲ್ಲ. 20,000ದ ಬಿಲ್ಲಿಗೆ 400 ರೂಪಾಯಿ ಇಲ್ಲೇ ಹೋಯಿತು. ದೊಡ್ಡ ಸೈಟುಗಳ ‘10% ತಕ್ಷಣದ ರಿಯಾಯಿತಿ’ಗೆ ಮೇಲ್ಮಿತಿ ಇರುತ್ತದೆ. ಮಿತಿ 1,500 ಆಗಿದ್ದರೆ 15,000ಕ್ಕಿಂತ ದೊಡ್ಡ ಬಿಲ್ಲಿಗೆ ಆ 10% ಬರೀ ಹೆಸರಿಗೆ. ‘ನೋ ಕಾಸ್ಟ್ ಇಎಂಐ’ಯನ್ನು ಬಿಡಿಸಿ ನೋಡೋಣ. ಆರು ತಿಂಗಳ ಬಡ್ಡಿ 1,000 ಅಂತಿಟ್ಟುಕೊಳ್ಳಿ. ಅಷ್ಟನ್ನು ಬೆಲೆಯಲ್ಲಿ ಮೊದಲೇ ಇಳಿಸುತ್ತಾರೆ. ಆದರೆ ಆ ಬಡ್ಡಿಯ ಮೇಲೆ ಬ್ಯಾಂಕು ಹಾಕುವ 18% ಜಿಎಸ್‌ಟಿ, ಅಂದರೆ 180, ನಮ್ಮ ತಲೆಗೇ. ಪ್ರೊಸೆಸಿಂಗ್ ಶುಲ್ಕ 199 ಆದರೆ ಅದಕ್ಕೂ ಜಿಎಸ್‌ಟಿ ಸೇರಿ 235. ಖರ್ಚಿಲ್ಲದ ಕಂತಿಗೆ 415 ರೂಪಾಯಿ ಖರ್ಚು!

ಅಡಿಕೆ ಮಂಡಿ, ಸ್ಟುಡಿಯೋ, ಫ್ಲೆಕ್ಸ್ ಅಂಗಡಿಯವರು ಜಿಎಸ್‌ಟಿ ನೋಂದಣಿ ಇದ್ದೂ ಸ್ವಂತ ಹೆಸರಿಗೆ ಬಿಲ್ ಮಾಡಿಸಿಕೊಳ್ಳುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. 11,800ರ ಬಿಲ್ಲಿನಲ್ಲಿ 1,800 ತೆರಿಗೆ. ವ್ಯಾಪಾರಕ್ಕೆ ಕೊಂಡದ್ದಾಗಿ ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ನಮೂದಾಗಿದ್ದರೆ ಅದು ತಮ್ಮ ಮಾರಾಟದ ಮೇಲೆ ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಆಗುತ್ತದೆ, ಬಿದ್ದ ಬೆಲೆ 10,000. ಇನ್ನೊಂದು ಕಡೆ ನಂಬರಿಲ್ಲದ ಬಿಲ್ಲಿಗೆ 11,300 ಅಂದರೂ ಅದು ತುಟ್ಟಿಯೇ. ಕೋಲ್ಕತ್ತಾದಂಥ ಹೊರರಾಜ್ಯದ ಊರಿನಿಂದ ಬಂದರೆ ಐಜಿಎಸ್‌ಟಿ ಅಂತಿರುತ್ತದೆ. ಅದೂ ವಜಾ ಆಗುತ್ತದೆ. 32 ಇಂಚಿಗಿಂತ ದೊಡ್ಡ ಮಾನಿಟರಿಗೆ 28% ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 18%ಕ್ಕೆ ಇಳಿದಿದೆ. ಹಳೆಯ ಬೆಲೆಪಟ್ಟಿ ಹಿಡಿದು ಲೆಕ್ಕ ಹಾಕಬೇಡಿ.

ರ‍್ಯಾಮಿನ ವಿಷಯದಲ್ಲಿ ‘ದಸರಾ ಸೇಲಿಗೆ ಕಾಯೋಣ’ ಎಂಬ ಲೆಕ್ಕ ಈಗ ನಡೆಯುವುದಿಲ್ಲ. ಚಿಪ್ ತಯಾರಕರು ಎಐ ಸರ್ವರುಗಳ ಕಡೆ ವಾಲಿದ್ದರಿಂದ 2025ರ ಕೊನೆಯಿಂದ ಬೆಲೆ ಏರುತ್ತಾ ಹೋಗಿದೆ. ಕ್ರೂಶಿಯಲ್ ಹೆಸರಿನಲ್ಲಿ ಜನರಿಗೆ ರ‍್ಯಾಮ್ ಮಾರುವ ವ್ಯಾಪಾರ ಬಿಡುವುದಾಗಿ ಚಿಪ್ ತಯಾರಕ ಮೈಕ್ರಾನ್ ಅದೇ ಡಿಸೆಂಬರಿನಲ್ಲಿ ಘೋಷಿಸಿತು. ಅಗತ್ಯ ಇದ್ದರೆ ಈಗಲೇ ಕೊಳ್ಳಿ, ಆದರೆ ‘3200’ ಅನ್ನುವ ವೇಗದ ಅಂಕಿಯೊಂದನ್ನೇ ನೋಡಬೇಡಿ. ಸಿಎಲ್16 ಮತ್ತು ಸಿಎಲ್22 ಎರಡೂ 3200ರಲ್ಲಿ ಸಿಗುತ್ತವೆ. ಒಂದೇ ವೇಗದಲ್ಲಿ ಸಿಎಲ್ ಅಂಕಿ ಸಣ್ಣದಾದಷ್ಟೂ ವಿಳಂಬ ಕಡಿಮೆ.

ಅಮೆಜಾನ್, ಫ್ಲಿಪ್‌ಕಾರ್ಟಿನಲ್ಲಿ ಒಂದೇ ಪುಟಕ್ಕೆ ಹತ್ತು ಮಾರಾಟಗಾರರು ಜೋತುಬಿದ್ದಿರುತ್ತಾರೆ. ಪುಟದ ನಕ್ಷತ್ರ ಸರಕಿನದು, ಮಾರುವವನದಲ್ಲ. ಅವನ ಹೆಸರು ಒತ್ತಿ ಬೇರೆ ನೋಡಬೇಕು. ವಸ್ತು ಬಂದ ಮೇಲೆ ಡಬ್ಬಿಯ ಚೀಟಿಯಲ್ಲಿ ಆಮದುದಾರರ ಹೆಸರು, ವಿಳಾಸ, ಎಂಆರ್‌ಪಿ ಇವೆಯೇ ನೋಡಿ. ಅದಿಲ್ಲದ ಹಾರ್ಡ್ ಡಿಸ್ಕು ಹೊರದೇಶಕ್ಕೆಂದು ತಯಾರಾದದ್ದಾಗಿರಬಹುದು. ಸೀರಿಯಲ್ ಸಂಖ್ಯೆಯನ್ನು ಕಂಪನಿಯ ವಾರಂಟಿ ಪುಟದಲ್ಲಿ ಹಾಕಿದರೆ ತಿಳಿಯುತ್ತದೆ.

ಬದಲಿಸಿಕೊಳ್ಳುವ ಅವಧಿ ಹಲವು ಕಡೆ ಏಳೇ ದಿನ. ಎಲ್ಲ ಸಾಮಾನು ಕೂಡಲಿ ಅಂತ ಕಾದರೆ ಮೊದಲು ಬಂದದ್ದರ ಗಡುವು ಮುಗಿದಿರುತ್ತದೆ. ಅದಕ್ಕೆ ಮದರ್‌ಬೋರ್ಡ್, ಪ್ರೊಸೆಸರ್, ರ‍್ಯಾಮ್, ಪವರ್ ಸಪ್ಲೈ ನಾಲ್ಕನ್ನೂ ಒಂದೇ ದಿನ ಆರ್ಡರ್ ಮಾಡುತ್ತೇನೆ. ಪೆಟ್ಟಿಗೆಯ ಆರೂ ಮೈ, ಸೀಲು, ಸೀರಿಯಲ್ ಕಾಣುವ ಹಾಗೆ ಎಲ್ಲೂ ತುಂಡರಿಸದೆ ವಿಡಿಯೊ ತೆಗೆದು ಆಮೇಲೆ ಬಿಚ್ಚುವುದು. ಆಷಾಢದ ಮಳೆಯಲ್ಲಿ ಪೊಟ್ಟಣ ಒದ್ದೆಯಾಗಿ ಬಂದರೆ ಒಳಗಿನ ಕವರ್ ಒಣಗಿದ್ದರೂ ತಂಡಿ ಬಿಡುವವರೆಗೆ ಅರ್ಧ ದಿನ ಹಾಗೇ ಇಟ್ಟು ಕರೆಂಟು ಕೊಡುತ್ತೇನೆ. ಎಸ್‌ಎಸ್‌ಡಿಯನ್ನು ಕ್ರಿಸ್ಟಲ್ ಡಿಸ್ಕ್ ಇನ್ಫೊ ಎಂಬ ತಂತ್ರಾಂಶದಲ್ಲಿ ನೋಡಿದರೆ ಎಷ್ಟು ಗಂಟೆ ಓಡಿದೆ ಅಂತ ಕಾಣುತ್ತದೆ. ಹೊಸದರಲ್ಲಿ ಸೊನ್ನೆಯ ಆಸುಪಾಸು ಇರಬೇಕು. ಮುನ್ನೂರು ಗಂಟೆ ಇದ್ದರೆ ಅದು ಯಾರದೋ ಮನೆಯಿಂದ ವಾಪಸು ಬಂದದ್ದು.

ಪವರ್ ಸಪ್ಲೈ ಮತ್ತು ಯುಪಿಎಸ್‌ನಲ್ಲಿ ಉಳಿಸಲು ಹೋಗುವುದಿಲ್ಲ. ಸಿಡಿಲಿಗೆ ಸುಟ್ಟದ್ದನ್ನು ವಾರಂಟಿಯಲ್ಲಿ ಒಪ್ಪುವುದಿಲ್ಲ, ನಮ್ಮ ಕಡೆ ಹೆಚ್ಚು ಸುಡುವುದೇ ಹಾಗೆ. ಯುಪಿಎಸ್ ಅನ್ನು ಶಿವಮೊಗ್ಗದ ದುರ್ಗಿಗುಡಿಯ ಅಂಗಡಿಯಿಂದಲೇ ತರುವುದು: ಭಾರ, ಸಾಗಣೆ ದುಬಾರಿ, ಬ್ಯಾಟರಿ ಕೈಕೊಟ್ಟಾಗ ಹೊತ್ತುಕೊಂಡು ಹೋಗಿ ಬದಲಿಸಬಹುದು.

ಡಬ್ಬಿಗಳನ್ನು ಅಟ್ಟಕ್ಕೆ ಎಸೆದರೆ ಎರಡು ಮಳೆಗಾಲದಲ್ಲಿ ಬೂಸ್ಟು, ಇಲ್ಲವೇ ಗೆದ್ದಲು. ವಾರಂಟಿಗೆ ಕಳಿಸುವಾಗ ಸೀರಿಯಲ್ ಇರುವ ಚೀಟಿ ಕೇಳುವುದುಂಟು. ಬದಲಿಸಿಕೊಳ್ಳುವ ಗಡುವು ಮುಗಿದ ಮೇಲೆ ಆ ಭಾಗವನ್ನಷ್ಟು ಕತ್ತರಿಸಿ, ಬಿಲ್ಲಿನ ಪ್ರಿಂಟಿನ ಜೊತೆ ಪ್ಲಾಸ್ಟಿಕ್ ಕವರಿಗೆ ಹಾಕಿ ಕ್ಯಾಬಿನೆಟ್ಟಿನ ಒಳಗೋಡೆಗೇ ಅಂಟಿಸಿಬಿಡುತ್ತೇನೆ, ಫ್ಯಾನಿನ ಗಾಳಿಗೆ ಅಡ್ಡ ಬರದ ಕಡೆ.