ಕೊರವ ಹಿಡಿಯಲು ಮೊದಲು ಲೂರ್ ಆರಿಸಿ, ರಾಡ್ ಕೊನೆಗೆ

ಹೊಸದಾಗಿ ಗಾಳದ ಸಾಮಾನು ಕೊಳ್ಳುವವರು ಅಂಗಡಿಯಲ್ಲಿ ಮೊದಲು ಕೈಹಾಕುವುದು ರಾಡಿಗೆ. ಲೆಕ್ಕ ತಪ್ಪುವುದೇ ಅಲ್ಲಿ. ಮಂಡ್ಯ, ಮೈಸೂರು ಸುತ್ತಿನ ಕೆರೆಗಳಲ್ಲಿ ಲೂರಿಗೆ, ಅಂದರೆ ಕೊಕ್ಕೆ ಇರುವ ಕೃತಕ ಎರೆಗೆ, ಎರಗುವ ಮೀನು ಮುಖ್ಯವಾಗಿ ಕೊರವ. ಅದು ಹೊಂಚುಹಾಕಿ ಕೂರುವುದು ಜೊಂಡಿನ ಬುಡದಲ್ಲಿ, ತಾವರೆ ಎಲೆಯ ನೆರಳಲ್ಲಿ, ಅಂತರಗಂಗೆಯ ಅಡಿಯಲ್ಲಿ. ಅಮೆರಿಕದ ಬಾಸ್ ಮೀನಿನ ಬೇಟೆಯೂ ಹೀಗೇ ಇರುವುದರಿಂದ ಬಾಸ್‌ಗೆಂದು ಮಾಡಿದ ಸಾಮಾನು ಇಲ್ಲಿಗೂ ಒಗ್ಗುತ್ತದೆ. ಕೆರೆಯ ಕಳೆ ನೋಡಿ ಲೂರ್, ಲೂರ್ ನೋಡಿ ದಾರ, ಇವೆರಡನ್ನೂ ನೋಡಿ ರಾಡ್. ಇದೇ ಕ್ರಮ.

ಕೆರೆಗಳ ಮೀನು ಸಾಮಾನ್ಯವಾಗಿ ಗುತ್ತಿಗೆಗೆ ಹೋಗಿರುತ್ತದೆ. ಗುತ್ತಿಗೆದಾರರನ್ನು ಕೇಳದೆ ಗಾಳ ಬಿಡಬೇಡಿ. ರಂಗನತಿಟ್ಟು ಪಕ್ಷಿಧಾಮದ ನೀರಂತೂ ಬೇಡವೇ ಬೇಡ.

ಒಂದೇ ಲೂರ್ ಕೊಳ್ಳುವುದಾದರೆ ಟೊಳ್ಳು ಹೊಟ್ಟೆಯ ರಬ್ಬರ್ ಕಪ್ಪೆ ಕೊಳ್ಳಿ. 5ರಿಂದ 6 ಸೆಂ.ಮೀ. ಉದ್ದ, 10ರಿಂದ 15 ಗ್ರಾಂ ತೂಕ ಸಾಕು. ಅದಕ್ಕಿಂತ ಹಗುರವಾದರೆ ಗಾಳಿಗೆ ಎದುರು ದೂರ ಹೋಗುವುದಿಲ್ಲ. ಅಂಗಡಿಯಲ್ಲೇ ಎರಡು ಬೆರಳಲ್ಲಿ ಒತ್ತಿ ನೋಡಿ: ಹೊಟ್ಟೆ ಸಲೀಸಾಗಿ ಕುಗ್ಗಿ ಎರಡೂ ಕೊಕ್ಕೆಯ ಮೊನೆ ಹೊರಗೆ ಬರಬೇಕು. ಬಿರುಸಾಗಿದ್ದರೆ ಬಿಡಿ, ಮೀನು ಕಚ್ಚುತ್ತದೆ, ಕೊಕ್ಕೆ ನಾಟುವುದಿಲ್ಲ. ಕೈ ಬಿಟ್ಟಾಗ ಮೊನೆಗಳು ಬೆನ್ನಿಗೆ ಒತ್ತಿ ಕೂರಬೇಕು. ಎದ್ದು ನಿಂತ ಮೊನೆ ಪ್ರತಿ ಎಸೆತಕ್ಕೂ ಕಳೆ ಎಳೆದು ತರುತ್ತದೆ. ಮೂರು ಮೊನೆಯ ಕೊಕ್ಕೆ ನೇತಾಡುವ ಪ್ಲಾಸ್ಟಿಕ್ ಮೀನುಗಳದ್ದೂ ಇದೇ ಗತಿ. ಅಂಗಡಿಯಲ್ಲಿ ಅವೇ ಕಣ್ಣಿಗೆ ಬೀಳುತ್ತವೆ, ಆದರೆ ಅವುಗಳಿಗೆ ಕಳೆಯಿಲ್ಲದ ತೆರೆದ ನೀರೇ ಬೇಕು.

ಬಣ್ಣಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮೀನು ಕೆಳಗಿನಿಂದ ನೋಡುವುದು ನೆರಳಿನ ಆಕಾರವನ್ನು. ಕೆಮ್ಮಣ್ಣಿನ ನೀರಿಗೂ ಮುಸ್ಸಂಜೆಗೂ ಕಪ್ಪು, ತಿಳಿನೀರಿಗೆ ಹಸಿರು ಅಥವಾ ಕಂದು: ಎರಡು ಕಪ್ಪೆ ಇದ್ದರೆ ಆಯಿತು. ಕಳೆ ವಿರಳವಾಗಿದ್ದಲ್ಲಿ ಬಾಲ ಅಲ್ಲಾಡುವ 10 ಸೆಂ.ಮೀ.ನ ಮೆದು ರಬ್ಬರ್ ಮೀನನ್ನು 4/0 ಅಳತೆಯ ಅಗಲ ಕೊಕ್ಕೆಗೆ ಪೋಣಿಸಿ, ಮೊನೆಯನ್ನು ರಬ್ಬರಿನೊಳಗೇ ಹುದುಗಿಸಿ ಎಳೆಯಬಹುದು.

ದಾರ ಹೆಣೆದ ಬ್ರೇಡ್ ಆಗಿರಲಿ, 30ರಿಂದ 40 ಪೌಂಡ್ ಭಾರ ತಡೆಯುವಂಥದ್ದು. ಮೀನು ಅಷ್ಟು ತೂಗುವುದರಿಂದಲ್ಲ. ಕಚ್ಚಿದ ಕೂಡಲೇ ಕಳೆಯೊಳಗೆ ನುಗ್ಗುವ ಅದನ್ನು ಕಳೆಯ ಸಮೇತ ಎಳೆಯಬೇಕಾಗುವುದರಿಂದ. ಮಾಮೂಲಿ ನೈಲಾನ್ ಹಿಗ್ಗುತ್ತದೆ, ದೂರದಿಂದ ಜಗ್ಗಿದ ಬಲ ಕೊಕ್ಕೆಗೆ ಮುಟ್ಟುವುದಿಲ್ಲ. ರೀಲಿನಲ್ಲಿ ದಾರ ಸುತ್ತುವ ಉರುಳೆಯೇ ಸ್ಪೂಲ್. ಬರೀ ಸ್ಪೂಲಿನ ಮೇಲೆ ಬ್ರೇಡ್ ಜಾರಿ ಸುತ್ತುತ್ತದೆ. ಮೊದಲು 10 ಮೀಟರ್ ನೈಲಾನ್ ಸುತ್ತಿ, ಅದಕ್ಕೆ ಬ್ರೇಡ್ ಕಟ್ಟಿ. ಸ್ಪೂಲಿನ ಅಂಚಿಗೆ 2 ಮಿ.ಮೀ. ಬಾಕಿ ಇರುವಾಗ ನಿಲ್ಲಿಸಿ, ತುಂಬಿ ತುಳುಕಿದರೆ ಎಸೆದಾಗ ಗೋಜಲಾಗುತ್ತದೆ. ಲೂರಿಗೆ ಪ್ಯಾಲೊಮಾರ್ ಗಂಟು: ದಾರವನ್ನು ಜೋಡಿ ಮಡಿಸಿ ಲೂರಿನ ಬಳೆಯಲ್ಲಿ ತೂರಿಸಿ, ಸಡಿಲವಾಗಿ ಒಂದು ಗಂಟು ಹಾಕಿ, ಕುಣಿಕೆಯೊಳಗಿಂದ ಇಡೀ ಲೂರನ್ನು ದಾಟಿಸಿ, ಎಂಜಲು ಹಚ್ಚಿ ಬಿಗಿಯಿರಿ. ಒಣಗಂಟು ಉಜ್ಜಿ ಬಿಸಿಯಾಗಿ ಸೋಲುತ್ತದೆ.

ಈಗ ರಾಡ್. ಆರೂವರೆಯಿಂದ ಏಳು ಅಡಿ, ಸುಲಭಕ್ಕೆ ಬಾಗದ ‘ಮೀಡಿಯಂ ಹೆವಿ’, ಹಿಡಿಯ ಮೇಲೆ 10ರಿಂದ 30 ಗ್ರಾಂ ಲೂರ್ ಎಂದು ಬರೆದಿರುವಂಥದ್ದು. ಜೊತೆಗೆ 3000 ಅಳತೆಯ ಸ್ಪಿನ್ನಿಂಗ್ ರೀಲ್. ತುದಿ ಬಳುಕುವ ರಾಡ್ ಎಸೆಯಲು ಹಿತ, ಕೊಕ್ಕೆ ನಾಟಿಸಲು ದಂಡ. ಕಾರ್ಬನ್ ರಾಡಿನಲ್ಲಿ ವಿದ್ಯುತ್ ಹರಿಯುತ್ತದೆ. ಏರಿಯ ಮೇಲೆ ಪಂಪ್‌ಸೆಟ್ ತಂತಿ ಹಾದುಹೋಗಿದ್ದರೆ ಅಲ್ಲಿ ನಿಂತು ರಾಡ್ ಎತ್ತಲೇಬೇಡಿ. ಗುಡುಗಿದರೆ ಮಡಿಸಿ ಹೊರಡಿ.

ಎಸೆಯುವಾಗ ಕಳೆಯ ನಡುವಿನ ಕಿಂಡಿಯ ಮೇಲೇ ಬೀಳಿಸದೆ, ಒಂದೆರಡು ಮೀಟರ್ ಆಚೆ ಬೀಳಿಸಿ. ರಾಡಿನ ತುದಿಯನ್ನು ತಟತಟನೆ ಮಿಡಿಯುತ್ತ ಕಪ್ಪೆಯನ್ನು ಎಲೆಗಳ ಮೇಲೆ ಕುಪ್ಪಳಿಸಿ ತಂದು, ಕಿಂಡಿಯಲ್ಲಿ ಮೂರು ಸೆಕೆಂಡ್ ನಿಲ್ಲಿಸಿ. ನೀರು ಬುಳುಕ್ಕೆಂದ ತಕ್ಷಣ ಜಗ್ಗುವುದೇ ಎಲ್ಲರೂ ಮಾಡುವ ತಪ್ಪು. ಆಗಿನ್ನೂ ಕಪ್ಪೆ ತುಟಿಯಲ್ಲಿರುತ್ತದೆ. ತುದಿ ತಗ್ಗಿಸಿ, ಸಡಿಲ ದಾರ ಸುತ್ತಿಕೊಳ್ಳಿ, ಒಂದು–ಎರಡು ಎಣಿಸಿ, ಭಾರ ತಗುಲಿದಾಗ ಜೋರಾಗಿ ಜಗ್ಗಿ. ಆಮೇಲೆ ಸಡಿಲ ಬಿಡದೆ ಸುತ್ತುತ್ತಲೇ ಇರಬೇಕು. ಮೀನು ಎಳೆದಾಗ ರೀಲಿನಿಂದ ದಾರ ಜಾರುವುದನ್ನು ತಡೆಯುವ ಬಿರಿಯೇ ಡ್ರ್ಯಾಗ್. ದಾರವನ್ನು ಕೈಯಲ್ಲಿ ಎಳೆದರೆ ಕಷ್ಟಪಟ್ಟು ಜಾರುವಷ್ಟು ಅದು ಬಿಗಿ ಇರಲಿ.

ಪದೇ ಪದೇ ತಪ್ಪಿಸಿಕೊಂಡರೆ ಕಪ್ಪೆಯ ರಬ್ಬರ್ ಕಾಲುಗಳನ್ನು ಅರ್ಧಕ್ಕೆ ಕತ್ತರಿಸಿ. ಮೀನು ಕಾಲನ್ನಷ್ಟೇ ಹಿಡಿಯುವುದು ತಪ್ಪುತ್ತದೆ. ಕಪ್ಪೆ ಮುಳುಗತೊಡಗಿದರೆ ಹೊಟ್ಟೆಗೆ ನೀರು ಸೇರಿದೆ, ಹಿಂಡಿ ತೆಗೆಯಿರಿ.

ಕೊರವದ ಹಲ್ಲು ಚೂಪು. ಕೊಕ್ಕೆ ಬಿಡಿಸಲು ಉದ್ದ ಮೂತಿಯ ಇಕ್ಕಳ ಬೇಕು. ಮಳೆಗಾಲದಲ್ಲಿ ಕೆಂಪು ಮರಿಗಳ ಗುಂಪು ನೀರಿನ ಮೇಲೆ ಗುಳ್ಳೆಯೆಬ್ಬಿಸುತ್ತಿದ್ದರೆ ಅಡಿಯಲ್ಲೇ ತಾಯಿ–ತಂದೆ ಕಾವಲಿರುತ್ತವೆ. ಕಪ್ಪೆ ಬಿದ್ದರೆ ಸಿಟ್ಟಿಗೇ ಕಚ್ಚುತ್ತವೆ, ಸುಲಭಕ್ಕೆ ಸಿಗುತ್ತವೆ. ಅವನ್ನು ಹಿಡಿದರೆ ಮರಿಗಳನ್ನು ಬೇರೆ ಮೀನು ತಿಂದು ಮುಗಿಸುತ್ತವೆ. ಅಂಥಲ್ಲಿ ಎಸೆಯದೆ ಮುಂದಕ್ಕೆ ಹೋಗಿ.