ಕಾಗಕ್ಕನ ಮೇಲೆ ಎಫ್‌ಐಆರ್: ಅಜ್ಜಿಕಥೆ ಹಿಡ್ಕೊಂಡು ಪೊಲೀಸು-ಕೋರ್ಟು ಕಲಿಸಿದ ನನ್ನ ಅನುಭವ

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದ ಹತ್ತಿರ ಒಂದು ಕನ್ನಡ ಮೀಡಿಯಂ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವಳು ನಾನು. ಪೊಲೀಸು, ಜಾಮೀನು, ಸಾಕ್ಷಿ, ಕೋರ್ಟು ಇದನ್ನೆಲ್ಲ ಅಜ್ಜಿಕಥೆ ಇಟ್ಕೊಂಡು ಕಲಿಸ್ತೇನೆ ಅಂದಾಗ ಸ್ಟಾಫ್‌ರೂಮಿನಲ್ಲಿ ನಗಾಡಿದ್ರು, ಮೀಸೆ ಚಿಗುರುವ ಮಕ್ಕಳಿಗೆ ಕಾಗಕ್ಕ ಗುಬ್ಬಕ್ಕನ ಕಥೆಯಾ ಅಂತ. ಈಗ ಬೇರೆ ಶಾಲೆಯ ಟೀಚರುಗಳು ಹೇಗೆ ಮಾಡೋದು ಬರೀರಿ ಅಂತ ಕೇಳ್ತಿದ್ದಾರೆ, ಅದಕ್ಕೆ ಇದು.

ಪೇಪರಿನಲ್ಲಿ ಬಂದ ಕೇಸನ್ನೇ ಯಾಕೆ ತಗೊಳ್ಬಾರದು ಅಂತ ಕೇಳ್ತಾರೆ. ನಮ್ಮದು ಸಣ್ಣ ಊರು ಮಾರಾಯ್ರೆ. ಅಡಿಕೆ ಕಳ್ಳತನದ ಸುದ್ದಿ ಓದಿದ್ರೆ ಆರೋಪಿಯ ಮಗಳೋ, ದೂರು ಕೊಟ್ಟವರ ಅಣ್ಣನ ಮಗನೋ ಎದುರಿನ ಬೆಂಚಿನಲ್ಲೇ ಕೂತಿರ್ತಾರೆ. ಪೋಕ್ಸೋ ಕೇಸು, ಅಂದ್ರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ್ದು ಆದ್ರಂತೂ ಮಗುವಿನ ಗುರುತು ಬಯಲಾಗಬಾರದು ಅಂತ 2012ರ ಆ ಕಾನೂನೇ ಹೇಳ್ತದೆ, ಆದ್ರೆ ಊರಿನಲ್ಲಿ ಬೇಲಿ ಹಾರಿ ಹೋಗದ ಸುದ್ದಿ ಯಾವುದುಂಟು? ಕಾಗೆಗಾದ್ರೆ ನಮ್ಮ ಕ್ಲಾಸಿನಲ್ಲಿ ನೆಂಟರಿಲ್ಲ, ಎಷ್ಟು ಬೇಕಾದ್ರೂ ಕ್ರಾಸ್ (ಪಾಟೀಸವಾಲು) ಮಾಡಬಹುದು.

ಇನ್ನೊಂದು ಕಾರಣ ನನಗೆ ಇದಕ್ಕಿಂತ ದೊಡ್ಡದು. ಅಜ್ಜಿಕಥೆಯಲ್ಲಿ ಕಳ್ಳ ಯಾರು ಅಂತ ಮಕ್ಕಳಿಗೆ ಅಂಗನವಾಡಿಗೆ ಹೋಗುವ ಮೊದಲೇ ಗೊತ್ತು. ಹಾಗೆ ಗಟ್ಟಿಯಾಗಿ ಗೊತ್ತಿರುವುದನ್ನ ಪಕ್ಕಕ್ಕಿಟ್ಟು "ಯಾರು ನೋಡಿದ್ದು? ಎಲ್ಲಿಂದ ನೋಡಿದ್ದು?" ಅಂತ ಕೇಳ್ಲಿಕ್ಕೆ ಕಲಿಯುವುದೇ ಅಲ್ವಾ ಕಷ್ಟದ್ದು. ಕಥೆಯಲ್ಲಿ ರಾಜ ಬರ್ತಾನೆ, ತಲೆ ತೆಗೀರಿ ಅಂತಾನೆ, ಎಲ್ಲರೂ ಸುಖವಾಗಿರ್ತಾರೆ, ವಕೀಲನೂ ಇಲ್ಲ ಅಪೀಲೂ ಇಲ್ಲ. ನಾವು ಆ ರಾಜನನ್ನ ಹೊರಗೆ ಹಾಕಿ ಶುರು ಮಾಡ್ತೇವೆ.

ನಾನು ಹೇಳುವ ಕಥೆ ಹೀಗೆ. ಕಾಗೆಯದ್ದು ಸೆಗಣಿ ಮನೆ, ಗುಬ್ಬಿಯದ್ದು ಕಲ್ಲಿನ ಮನೆ. ಜೋರು ಮಳೆಗೆ ಕಾಗೆಯ ಮನೆ ಕೊಚ್ಚಿ ಹೋಗ್ತದೆ, ಗುಬ್ಬಕ್ಕಾ ಬಾಗಿಲು ತೆಗಿ ಅಂತ ಬರ್ತದೆ, ಗುಬ್ಬಿ ಸತಾಯಿಸಿ ಸತಾಯಿಸಿ ಒಳಗೆ ಬಿಟ್ಟು ಕಡ್ಲೆ ಇಟ್ಟ ಕೋಣೆಯಲ್ಲಿ ಮಲಗ್ಲಿಕ್ಕೆ ಹೇಳ್ತದೆ. ರಾತ್ರಿ ಕಟುಂ ಕುಟುಂ ಸದ್ದು. ಎಂಥದು ಕಾಗಕ್ಕ ಅಂದ್ರೆ "ಅಜ್ಜಿ ಕೊಟ್ಟ ಅಡಿಕೆ ಚೂರು ಜಗೀತಿದ್ದೇನೆ" ಅಂತದೆ. ಬೆಳಿಗ್ಗೆ ಕಾಗೆ ಇಲ್ಲ, ಕಡ್ಲೆಯೂ ಇಲ್ಲ. ಮರುದಿನ ಕಾಗೆ ಪುನಃ ಬಂದಾಗ ಗುಬ್ಬಿ ಕಬ್ಬಿಣದ ಸಟ್ಟುಗ ಕೆಂಪಗೆ ಕಾಯಿಸಿ ಹಿಂದೆ ಬರೆ ಎಳೀತದೆ.

ಇಷ್ಟು ಹೇಳಿ ಮುಗಿಸುವುದರೊಳಗೆ ಗಲಾಟೆ. "ನಮ್ಮಲ್ಲಿ ಹಾಗಲ್ಲ ಟೀಚರೇ." ನಮ್ಮ ಕ್ಲಾಸಿನಲ್ಲಿ ಮನೆಮಾತು ತುಳು, ಮಲಯಾಳ, ಹವ್ಯಕ, ಕೊಂಕಣಿ, ಮರಾಠಿ, ಬ್ಯಾರಿ ಎಲ್ಲ ಉಂಟಲ್ಲ, ಒಬ್ಬೊಬ್ಬರ ಅಜ್ಜಿಯದ್ದು ಒಂದೊಂದು. ಮರಾಠಿ ಮನೆಯ ಹುಡುಗಿಯ ಪ್ರಕಾರ ಗುಬ್ಬಿಯದ್ದು ಮೇಣದ ಮನೆ, ಇನ್ನೊಬ್ಬ ಕಡ್ಲೆ ಅಲ್ಲ ಗುಬ್ಬಿಯ ಮೊಟ್ಟೆ ತಿಂದದ್ದು ಅಂತಾನೆ, ಹಾಗಾದ್ರೆ ಕೇಸೇ ಬೇರೆ ಆಯ್ತಲ್ಲ. ನಾನು ಯಾವುದು ಸರಿ ಅಂತ ಹೇಳ್ಲಿಕ್ಕೆ ಹೋಗೋದಿಲ್ಲ. ಪ್ರತಿಯೊಬ್ಬರೂ ಬೇರೆಯವರದ್ದು ಕೇಳದೆ ತಮ್ಮ ಕಥೆ ಚೀಟಿಯಲ್ಲಿ ಬರೀಬೇಕು, ಆಮೇಲೆ ಎದುರೆದುರು ಇಟ್ಟು ನೋಡ್ಬೇಕು, ಎಲ್ಲದರಲ್ಲೂ ಉಳಿಯುವುದು ಎಷ್ಟು, ಒಬ್ಬರದ್ದರಲ್ಲಿ ಮಾತ್ರ ಇರುವುದು ಎಷ್ಟು. ಕೋರ್ಟಿನಲ್ಲಿ ಒಬ್ಬ ಸಾಕ್ಷಿ ಹೇಳುವಾಗ ಉಳಿದ ಸಾಕ್ಷಿಗಳನ್ನ ಯಾಕೆ ಹೊರಗೆ ನಿಲ್ಲಿಸ್ತಾರೆ ಅಂತ ಆಮೇಲೆ ವಿವರಿಸುವ ಕೆಲಸವೇ ಇರೋದಿಲ್ಲ.

ಆಮೇಲೆ ಸ್ಟೇಷನ್. ಎಸ್‌ಐ ಪಾತ್ರಕ್ಕೆ ಬೇಕಂತಲೇ ಮಲಯಾಳ ಚೆನ್ನಾಗಿ ಬರೆಯುವವರನ್ನ ಹಾಕ್ತೇನೆ, ಗುಬ್ಬಿ ಪಾತ್ರಕ್ಕೆ ತುಳು ಅಥವಾ ಕನ್ನಡ ಮಾತ್ರ ಮಾತಾಡುವವರನ್ನ, ಯಾಕಂದ್ರೆ ಇಲ್ಲಿ ನಿಜವಾಗಿ ನಡೆಯೋದೂ ಹಾಗೇ. ನಮ್ಮ ಜನ ಸ್ಟೇಷನ್ನಿನಲ್ಲಿ ಬರೆದದ್ದಕ್ಕೆ ಸುಮ್ಮನೆ ಸೈನ್ ಹಾಕಿ ಬರ್ತಾರೆ. ಹಳೇ ಸಿಆರ್‌ಪಿಸಿಯ ಜಾಗಕ್ಕೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಬಾಯಿಯಲ್ಲಿ ಹೇಳಿದ ದೂರನ್ನ ಬರ್ಕೊಂಡು, ದೂರು ಕೊಟ್ಟವರಿಗೆ ಓದಿ ಹೇಳಿ, ಆಮೇಲೆ ಸೈನ್ ತಗೊಳ್ಬೇಕು, ಒಂದು ಕಾಪಿ ಫ್ರೀಯಾಗಿ ಕೊಡ್ಬೇಕು. ಹೋದ ವರ್ಷದ ಗುಬ್ಬಿ ಭಾರಿ ಹುಷಾರು, "ಓದಿ ಹೇಳಿ ಸಾರ್, ಕನ್ನಡದಲ್ಲಿ" ಅಂತ ಪಟ್ಟು ಹಿಡಿದಳು. ಎಸ್‌ಐ ಓದಿದ: ಕಾಗೆ ಕಡ್ಲೆ ತಿನ್ನುವುದನ್ನ ನಾನು ನೋಡಿದೆ. ಗುಬ್ಬಿ ಎದ್ದು ನಿಂತು, "ನಾನು ಎಲ್ಲಿ ನೋಡಿದ್ದು? ಸದ್ದು ಕೇಳಿದ್ದು ಅಂದದ್ದಲ್ವಾ!" ಎಸ್‌ಐ ಸಿಟ್ಟಲ್ಲಿ "ಎರಡೂ ಒಂದೇ ಅಲ್ವಾ" ಅಂದ. ನಾನು ಬಾಯಿ ಹಾಕ್ಲಿಲ್ಲ, ಬರೆದದ್ದನ್ನ ತಿದ್ದಿಸುವವರೆಗೆ ಗುಬ್ಬಿ ಪೆನ್ನು ಮುಟ್ಟಲಿಲ್ಲ. ಮುಂದೆ ಇಡೀ ಕೇಸು ನಿಂತದ್ದೇ ಆ ಜಾಗದ ಮೇಲೆ.

ಕಾಗೆ ಸುಮ್ಮನೆ ಕೂತ್ಕೊಳ್ತದಾ? ಅದು ಬರೆ ಹಾಕಿಸ್ಕೊಂಡು ಗಡಿ ದಾಟಿ ಕರ್ನಾಟಕಕ್ಕೆ ಹಾರಿ ವಿಟ್ಲ ಸ್ಟೇಷನ್ನಿನಲ್ಲಿ ದೂರು ಕೊಡ್ತದೆ (ಇದು ಮಕ್ಕಳದ್ದೇ ಐಡಿಯಾ). ನಮ್ಮ ಲಿಮಿಟ್ ಅಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ, ಝೀರೋ ಎಫ್‌ಐಆರ್ ಮಾಡಿ ಘಟನೆ ನಡೆದ ಸ್ಟೇಷನ್ನಿಗೆ ಕಳಿಸ್ಬೇಕು. ಹೀಗೆ ಕೇಸು, ಕೌಂಟರ್ ಕೇಸು ಎರಡೂ ತಯಾರಾಗ್ತದೆ.

ಸೆಕ್ಷನ್ ಹುಡುಕುವ ಕೆಲಸ ಮಕ್ಕಳಿಗೇ ಬಿಡ್ತೇನೆ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ನನ್ನ ಹಳೇ ನೋಟ್ಸೆಲ್ಲ ಗುಜರಿಗೆ, ಮಕ್ಕಳಿಗೆ ಸಿನಿಮಾದಿಂದ ಬಾಯಿಪಾಠ ಆದ 420 ಕೂಡ ಈಗ 318 ಆಗಿದೆ, ಅದೊಂದು ಅವರಿಗೆ ಭಾರಿ ಬೇಜಾರು. ಕಡ್ಲೆಗೆ ಬರೀ ಕಳ್ಳತನದ 303 ಹಾಕಿದ್ರೆ, ಮಾಲು ಐದು ಸಾವಿರಕ್ಕಿಂತ ಕಡಿಮೆ, ಮೊದಲ ಸಲದ ತಪ್ಪು, ಬೆಲೆ ವಾಪಸ್ ಕೊಟ್ರೆ ಸಮುದಾಯ ಸೇವೆಯ ಶಿಕ್ಷೆ ಮಾತ್ರ. ಆದ್ರೆ ವಾಸದ ಮನೆಯೊಳಗೆ ಕದ್ದದ್ದು ಅಂತ 305 ಹಾಕಿದ್ರೆ ಏಳು ವರ್ಷದವರೆಗೆ ಹೋಗಬಹುದು. ಒಂದು ಡಬ್ಬ ಕಡ್ಲೆಗೆ ಏಳು ವರ್ಷವಾ ಅಂತ ಹುಡುಗರು ಬಾಯಿ ಬಿಡ್ತಾರೆ. ಅಕ್ರಮ ಪ್ರವೇಶ? ಅದು ನಿಲ್ಲೋದಿಲ್ಲ, ಬಾಗಿಲು ತೆಗೆದದ್ದು ಗುಬ್ಬಿಯೇ ಅಲ್ವಾ. ಗುಬ್ಬಿಯ ಮೇಲೆ 118(1), ಬಿಸಿ ವಸ್ತುವಿನಿಂದ ಗಾಯ ಮಾಡಿದ್ದು, ಮೂರು ವರ್ಷದವರೆಗೆ.

ಅರೆಸ್ಟ್ ವಿಷಯದಲ್ಲಿ ನಮ್ಮ ಎಸ್‌ಪಿಸಿ ಮಕ್ಕಳದ್ದು ಯಾವಾಗಲೂ ಅವಸರ. ಕೇರಳದಲ್ಲಿ 2010ರಲ್ಲಿ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಶುರುವಾದದ್ದು, ಖಾಕಿ ಹಾಕಿ ಪರೇಡ್ ಮಾಡಿದವರಿಗೆ ಕಾಗೆಯ ಕಾಲಿಗೆ ಹಗ್ಗ ಕಟ್ಟದಿದ್ರೆ ಸಮಾಧಾನವೇ ಇಲ್ಲ. ಏಳು ವರ್ಷದವರೆಗಿನ ಶಿಕ್ಷೆಯ ಕೇಸಿನಲ್ಲಿ ಕಣ್ಣುಮುಚ್ಚಿ ಅರೆಸ್ಟ್ ಮಾಡಬಾರದು, ಕಾರಣ ಬರೀಬೇಕು, ಇಲ್ಲಾಂದ್ರೆ ಹಾಜರಾಗ್ಲಿಕ್ಕೆ ನೋಟೀಸ್ ಕೊಡಿ ಅಂತ ಸುಪ್ರೀಂ ಕೋರ್ಟು 2014ರಲ್ಲಿ ಅರ್ನೇಶ್ ಕುಮಾರ್ ಕೇಸಿನಲ್ಲಿ ಹೇಳಿದ್ದು ಅಂತ ನಾನು ಬೋರ್ಡಿನಲ್ಲಿ ಬರೀತೇನೆ. ಹಿಡಿದ್ರೂ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಎದುರು ನಿಲ್ಲಿಸ್ಬೇಕು, ಯಾಕೆ ಹಿಡಿದದ್ದು ಅಂತ ಹೇಳ್ಬೇಕು, ವಕೀಲರನ್ನ ಇಟ್ಕೊಳ್ಳುವ ಹಕ್ಕು ಅದಕ್ಕುಂಟು, ಸಂವಿಧಾನದ 22ನೇ ವಿಧಿ. "ಕಾಗೆಗೂ ಉಂಟಾ?" ಅಂತ ಕೇಳ್ತಾರೆ, ಕಾಗೆಗೇ ಉಂಟು ಅಂತೇನೆ. ದುಡ್ಡಿಲ್ಲದಿದ್ರೆ 1987ರ ಕಾನೂನು ಸೇವೆಗಳ ಆಕ್ಟಿನಲ್ಲಿ ಫ್ರೀ ವಕೀಲರು, ಅದರ ಹೆಲ್ಪ್‌ಲೈನ್ 15100 ಅಂತ ಮಕ್ಕಳೆಲ್ಲ ಪುಸ್ತಕದ ರಟ್ಟಿನ ಮೇಲೆ ಬರ್ಕೊಂಡಿದ್ದಾರೆ.

ಮಹಜರು ಕ್ಲಾಸಿನ ಹಿಂದಿನ ಮೂಲೆಯಲ್ಲಿ. ಚಾಕ್‌ಪೀಸಿನಲ್ಲಿ ಗುಬ್ಬಿ ಮನೆಯ ನಕ್ಷೆ, ಖಾಲಿ ಡಬ್ಬ, ಸಟ್ಟುಗ (ಶಾಲೆಯ ಅಡುಗೆಯಕ್ಕನದ್ದು, ಹನ್ನೊಂದೂವರೆಗೆ ವಾಪಸ್ ಕೊಡ್ಬೇಕು ಅಂತ ಕಂಡೀಷನ್). ಜಪ್ತಿ ಮಾಡುವಾಗ ವಿಡಿಯೋ ತೆಗೀಬೇಕು ಅಂತ ಈಗ ಹೊಸ ನಿಯಮ ಉಂಟಲ್ಲ, ಮಕ್ಕಳು ಶಾಲೆಗೆ ಮೊಬೈಲ್ ತರುವ ಹಾಗಿಲ್ಲ, ಹಾಗಾಗಿ ನನ್ನದೇ ಫೋನು.

ವಿಚಾರಣೆಯೇ ನಿಜವಾದ ಮಜಾ. ನಮ್ಮದು ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆ, ತಾಳಮದ್ದಳೆ (ವೇಷ ಹಾಕದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಕೇಳಿ ಬೆಳೆದ ಮಕ್ಕಳು, ಮಾತಿಗೆ ಮಾತು ಕೊಡ್ಲಿಕ್ಕೆ ಯಾರೂ ಕಲಿಸ್ಬೇಕಾಗಿಲ್ಲ. ಆದ್ರೆ ಅದೇ ತೊಂದರೆ ಕೂಡ. ತಾಳಮದ್ದಳೆಯಲ್ಲಿ ಅರ್ಥಧಾರಿ ಮಾತಿನಲ್ಲಿ ಎದುರಿನವರನ್ನ ಮುಳುಗಿಸಿದ್ರೆ ಗೆದ್ದ ಹಾಗೆ, ಇಲ್ಲಿ ಎಷ್ಟು ಚಂದ ಮಾತಾಡಿದ್ರೂ ಸಾಕ್ಷಿ ಇಲ್ಲದಿದ್ರೆ ಮ್ಯಾಜಿಸ್ಟ್ರೇಟರ ಪುಸ್ತಕದಲ್ಲಿ ಒಂದಕ್ಷರ ಬರೆಯೋದಿಲ್ಲ. ಪ್ರಾಸಿಕ್ಯೂಷನ್ ಹುಡುಗ ಕಾಗೆಯ ಕುಲದ ಬಗ್ಗೆಯೇ ಭಾಷಣ ಬಿಟ್ಟ, ಕಾಗೆ ಅಂದ್ರೇ ಕಳ್ಳ ಜಾತಿ ಅಂತ. ಕಾಗೆಯ ವಕೀಲೆ ಎದ್ದು "ಆಕ್ಷೇಪ, ಇವತ್ತಿನ ಕೇಸು ಇವತ್ತಿನ ಕಡ್ಲೆಯದ್ದು" ಅಂದಳು, ನಾನು ಮನಸ್ಸಲ್ಲೇ ಚಪ್ಪಾಳೆ ಹೊಡೆದೆ. ಆಮೇಲೆ ಗುಬ್ಬಿಯನ್ನ ಹಿಡಿದಳು.

"ಕೋಣೆಯಲ್ಲಿ ದೀಪ ಇತ್ತಾ?"

"ಇರ್ಲಿಲ್ಲ."

"ಕಡ್ಲೆ ತಿನ್ನುವುದನ್ನ ಕಣ್ಣಲ್ಲಿ ನೋಡಿದ್ದೀರಾ?"

"ಸದ್ದು ಕೇಳಿದ್ದೇನೆ."

"ಅಡಿಕೆ ಜಗಿದ್ರೆ ಎಂಥ ಸದ್ದು ಬರ್ತದೆ?"

ಕ್ಲಾಸಿಗೆ ಕ್ಲಾಸೇ ನಕ್ಕಿತು, ಯಾಕಂದ್ರೆ ಎಲ್ಲರ ಮನೆಯಲ್ಲೂ ಅಡಿಕೆ ಜಗಿಯುವ ಅಜ್ಜನೋ ಅಜ್ಜಿಯೋ ಇದ್ದಾರೆ. ಮನೆಯಲ್ಲಿ ಇಲಿ ಉಂಟಾ ಅಂತ ಕೇಳಿದ್ದಕ್ಕೆ ಗುಬ್ಬಿ ಪಾಪ ಸತ್ಯ ಹೇಳಿದಳು, ಉಂಟು.

ಕಾಗೆ ಖುಲಾಸೆ. ಸಂಶಯದ ಲಾಭ. ಕೌಂಟರ್ ಕೇಸಿನಲ್ಲಿ ಡಾಕ್ಟರ್ ಪಾತ್ರದವನು ವೂಂಡ್ ಸರ್ಟಿಫಿಕೇಟ್ (ಗಾಯದ ವಿವರ ಬರೆದದ್ದು) ಓದಿದ, ಸಟ್ಟುಗ ಎದುರಿಗೇ ಉಂಟು, ಗುಬ್ಬಿ "ನನ್ನ ಆಸ್ತಿ ಉಳಿಸ್ಲಿಕ್ಕೆ ಹಾಕಿದ್ದು" ಅಂದಳು. ಆಸ್ತಿರಕ್ಷಣೆಯ ಹಕ್ಕು ಉಂಟು, ಇಲ್ಲ ಅಂತಲ್ಲ, ಆದ್ರೆ ಕದ್ದವನು ಮಾಲಿನೊಟ್ಟಿಗೆ ಜಾಗ ಖಾಲಿ ಮಾಡಿದ ಮೇಲೆ ಮರುದಿನ ಸಟ್ಟುಗ ಕಾಯಿಸಿ ಕಾಯುವುದು ರಕ್ಷಣೆ ಅಲ್ಲ. ಗುಬ್ಬಿ ದೋಷಿ.

ಅವತ್ತು ಕ್ಲಾಸು ನನ್ನ ಕೈಯಲ್ಲಿ ನಿಲ್ಲಲಿಲ್ಲ. "ಕದ್ದವಳು ಮನೆಗೆ, ಕಳಕೊಂಡವಳು ಜೈಲಿಗಾ ಟೀಚರೇ, ಇದೆಂಥ ನ್ಯಾಯ!" ಒಬ್ಬ ಹುಡುಗ ಅಂತೂ ಮ್ಯಾಜಿಸ್ಟ್ರೇಟ್ ಆದವಳೊಟ್ಟಿಗೆ ಮಾತು ಬಿಟ್ಟ. ನಾನು ಕೇಳಿದ್ದು ಇಷ್ಟೇ, ನಿಮ್ಮಲ್ಲಿ ಯಾರು ಮಾಡದ ತಪ್ಪಿಗೆ ಬೈಗುಳ ತಿಂದಿದ್ದೀರಿ? ಹೆಚ್ಚುಕಡಿಮೆ ಎಲ್ಲರ ಕೈಯೂ ಮೇಲೆ. ಆಗ ನಿಮ್ಮ ಕಡೆಯಿಂದ ಯಾರಾದ್ರೂ ದೀಪ ಇತ್ತಾ ಅಂತ ಕೇಳಿದ್ರಾ? ಸಿಟ್ಟು ಪೂರ್ತಿ ಇಳಿಯಲಿಲ್ಲ, ಇಳೀಬೇಕು ಅಂತ ನನಗೂ ಇಲ್ಲ, ಕೆಲವು ತೀರ್ಪಿಗೆ ಸಿಟ್ಟು ಬರಲೇಬೇಕು, ಅದಕ್ಕೇ ಅಪೀಲು ಇರೋದು. ಗುಬ್ಬಿಯನ್ನ ಜೈಲಿಗೆ ಕಳಿಸ್ಲಿಲ್ಲ, 1958ರ ಪ್ರೊಬೇಷನ್ ಕಾನೂನಿನಲ್ಲಿ ಒಳ್ಳೆ ನಡತೆಯ ಬಾಂಡ್ ಬರೆಸಿ ಬಿಟ್ರು. ಜೈಲಿಲ್ಲದ ಶಿಕ್ಷೆಯೂ ಉಂಟು ಅನ್ನೋದು ಹೆಚ್ಚಿನವರಿಗೆ ಹೊಸ ವಿಷಯ.

ಒಂದು ಉಪಾಯ ಹೇಳ್ತೇನೆ, ಬೇಕಾದ್ರೆ ಮಾಡಿ ನೋಡಿ. ವಿಚಾರಣೆ ಮಧ್ಯದಲ್ಲಿ ಸುಮ್ಮಸುಮ್ಮನೆ ವಾಯಿದೆ ಹಾಕಿ. ಸಾಕ್ಷಿಗೆ ಜ್ವರ, ವಕೀಲರು ಬೇರೆ ಕೋರ್ಟಿನಲ್ಲಿ, ಮುಂದಿನ ತಿಂಗಳು ನೋಡುವ. ಎರಡು ವಾಯಿದೆ ಆಗುವಾಗ ಸಾಕ್ಷಿ ಹೇಳ್ಬೇಕಾದವನಿಗೆ ಡಬ್ಬ ಸ್ಟೀಲಿನದ್ದಾ ಪ್ಲಾಸ್ಟಿಕ್ಕಿನದ್ದಾ ಅಂತಲೇ ಮರೆತಿರ್ತದೆ. ಕೇಸು ಲೇಟಾದ್ರೆ ಎಂಥ ಆಗ್ತದೆ ಅಂತ ಅವರಿಗೇ ಗೊತ್ತಾಗ್ತದೆ.

ಪರ್ಮಿಷನ್ ತಗೊಂಡು ಕಾಸರಗೋಡು ವಿದ್ಯಾನಗರದ ಕೋರ್ಟಿಗೂ ಕರ್ಕೊಂಡು ಹೋಗಿದ್ದೆ. ಮಕ್ಕಳಿಗೆ ದೊಡ್ಡ ನಿರಾಶೆ, ಜಡ್ಜಿಯ ಮೇಜಿನ ಮೇಲೆ ಸುತ್ತಿಗೆ ಇಲ್ಲ, ಯಾರೂ ಆರ್ಡರ್ ಆರ್ಡರ್ ಅನ್ನೋದಿಲ್ಲ, ಪುಸ್ತಕ ಮುಟ್ಟಿ ಪ್ರಮಾಣವೂ ಇಲ್ಲ, ದೇವರ ಹೆಸರಲ್ಲೋ ಆತ್ಮಸಾಕ್ಷಿಯಾಗಿಯೋ ಬಾಯಲ್ಲಿ ಹೇಳಿದ್ರೆ ಆಯ್ತು.

ಕರಡಿಗಳ ಮನೆಗೆ ನುಗ್ಗಿ ಗಂಜಿ ಕುಡಿದು ಮಲಗಿದ ಹುಡುಗಿಯ ಇಂಗ್ಲಿಷ್ ಕಥೆ ಉಂಟಲ್ಲ, ಅದನ್ನ ಪ್ರಾಯದ ಪಾಠಕ್ಕೆ ಇಟ್ಕೊಂಡಿದ್ದೇನೆ. ಅವಳಿಗೆ ಏಳು ತುಂಬದಿದ್ರೆ ಅಪರಾಧವೇ ಅಲ್ಲ, ಏಳರಿಂದ ಹನ್ನೆರಡರೊಳಗಾದ್ರೆ ಬುದ್ಧಿ ಎಷ್ಟು ಬಲಿತಿದೆ ಅಂತ ನೋಡ್ಬೇಕು, ಹದಿನೆಂಟರವರೆಗೆ ಬಾಲ ನ್ಯಾಯ ಮಂಡಳಿ. ಒಂದು ಪೀರಿಯಡ್ ಸಾಕು.

ಈ ವರ್ಷದ್ದು ಮೊಸಳೆ ಮಂಗನ ಕೇಸು, ಅದು ನಾನು ಎಣಿಸಿದ್ದಕ್ಕಿಂತ ಗಟ್ಟಿ ಉಂಟು. ನದಿಯ ಮಧ್ಯದಲ್ಲಿ ಮೊಸಳೆ "ನನ್ನ ಹೆಂಡತಿಗೆ ನಿನ್ನ ಗುಂಡಿಗೆ ಬೇಕಂತೆ" ಅಂತ ಬಾಯಿಬಿಡ್ತದಲ್ಲ, ಅದನ್ನೇ ಸ್ಟೇಷನ್ನಿನಲ್ಲಿ ಪೊಲೀಸರ ಹತ್ತಿರ ಹೇಳಿದ್ರೆ ತಪ್ಪೊಪ್ಪಿಗೆ ಅಂತ ಕೋರ್ಟಿನಲ್ಲಿ ನಡೆಯೋದಿಲ್ಲ, ಆದ್ರೆ ಹೇಳಿದ್ದು ಮಂಗನ ಹತ್ತಿರ, ಮಂಗ ಪೊಲೀಸ್ ಅಲ್ಲ, ಹಾಗಾಗಿ ಸಾಕ್ಷಿಯಾಗಿ ಬರ್ತದೆ. ಇದನ್ನ ಹಿಡಿದದ್ದು ಹಿಂದಿನ ಬೆಂಚಿನ ಹುಡುಗ, ಪರೀಕ್ಷೆಯಲ್ಲಿ ಯಾವತ್ತೂ ಮಾರ್ಕು ಇಲ್ಲದವ. ಬೆನ್ನ ಮೇಲೆ ಕೂರಿಸ್ಕೊಂಡು ಅರ್ಧ ನದಿ ದಾಟಿದ್ದು ಬರೀ ತಯಾರಿಯಾ, ಕೊಲೆಯತ್ನವೇ ಆಯ್ತಾ ಅಂತ ಎರಡು ಗುಂಪಾಗಿದೆ. ಹೆಂಡತಿ ಮೊಸಳೆ ದಡ ಬಿಟ್ಟು ಕದಲಿಲ್ಲ, ಅವಳನ್ನ ಆರೋಪಿ ನಂಬರ್ ಒಂದು ಮಾಡ್ಬೇಕು ಅಂತ ಹುಡುಗರು, ಗಂಡನ ಬಾಯಿಮಾತು ಬಿಟ್ಟು ಅವಳ ವಿರುದ್ಧ ಎಂಥ ಸಾಕ್ಷಿ ಉಂಟು ತೋರಿಸಿ ಅಂತ ಹುಡುಗಿಯರು. ಚಾರ್ಜ್‌ಶೀಟು ಇನ್ನೂ ಹಾಕ್ಲಿಕ್ಕಾಗಿಲ್ಲ.