ವೆಲಿಗಾಮದ ಸರ್ಫ್ ಕ್ಯಾಂಪ್: ಎಲ್ಲ ಸೇರಿದ ಪ್ಯಾಕೇಜ್ ತೆಗೆದುಕೊಂಡು ಹೋದ ನನ್ನ ಅನುಭವ

ಎಲ್ಲ ಸೇರಿದ ಪ್ಯಾಕೇಜ್ ಅಂದರೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೇ. ಯಾರೋ ಮಾಡಿಟ್ಟ ಟೈಂಟೇಬಲ್‌ಗೆ ನಾವು ಓಡಬೇಕು, ನಮಗೆ ಬೇಡದ್ದಕ್ಕೂ ದುಡ್ಡು ಕೊಡಬೇಕು. ಆದರೂ ಸರ್ಫಿಂಗ್ ಕಲಿಯೋಣ ಅಂತ ನಾನೂ ನನ್ನ ತಂಗಿಯೂ ಶ್ರೀಲಂಕಾದ ವೆಲಿಗಾಮಕ್ಕೆ ಹೋದಾಗ ಅಂಥದ್ದೇ ಪ್ಯಾಕೇಜ್ ತೆಗೆದುಕೊಂಡೆವು. ರೂಮು, ತಿಂಡಿ, ರಾತ್ರಿ ಊಟ, ಬೋರ್ಡು, ಪಾಠ, ವಿಡಿಯೋ, ಸಂಜೆ ಯೋಗ, ಎಲ್ಲಾ ಒಂದೇ ದುಡ್ಡಿಗೆ. ಮೊದಲ ಸಲ ಕಲಿಯುವವರಿಗೆ ಇದೇ ಸರಿ ಅಂತ ಈಗ ಯಾರು ಕೇಳಿದರೂ ಹೇಳುತ್ತೇನೆ. ಅಗ್ಗ ಅಂತಲ್ಲ, ಬಿಡಿಬಿಡಿಯಾಗಿ ಮಾಡಿಕೊಂಡರೆ ಖಂಡಿತ ಕಮ್ಮಿಗೆ ಆಗುತ್ತದೆ. ಕಾರಣ ಸುಸ್ತು. ಎರಡು ಗಂಟೆ ಉಪ್ಪುನೀರಲ್ಲಿ ಒದ್ದಾಡಿ ದಡಕ್ಕೆ ಬಂದವಳಿಗೆ ಊಟ ಎಲ್ಲಿ, ನಾಳೆ ಬೋರ್ಡು ಯಾರ ಹತ್ತಿರ, ಹೇಳಿಕೊಡುವವನು ಬರುತ್ತಾನೋ ಇಲ್ಲವೋ ಅಂತ ಯೋಚಿಸುವ ಶಕ್ತಿಯೇ ಉಳಿದಿರುವುದಿಲ್ಲ. ತಿನ್ನು, ಮಲಗು, ಮತ್ತೆ ನೀರಿಗಿಳಿ. ಅಷ್ಟೇ ಕೆಲಸ ಇದ್ದರೆ ಮೈ ಬೇಗ ಕಲಿಯುತ್ತದೆ.

"ಮುಲ್ಕಿ ಇದೆಯಲ್ಲ, ಶ್ರೀಲಂಕಾ ಯಾಕೆ?" ಅಂತ ಬಹಳ ಜನ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಜ್ಯಾಕ್ ಹೆಬ್ನರ್ ಅನ್ನುವ ಅಮೆರಿಕದ ಸ್ವಾಮಿ 2004ರಲ್ಲಿ ಮುಲ್ಕಿಯಲ್ಲಿ ಸರ್ಫಿಂಗ್ ಆಶ್ರಮ ಶುರುಮಾಡಿದ ಮೇಲೆ ನಮ್ಮ ಕರಾವಳಿಯಲ್ಲೇ ಈ ಆಟ ಬೇರುಬಿಟ್ಟಿದೆ, ಪಕ್ಕದ ಸಸಿಹಿತ್ಲುವಿನಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಗಳೇ ನಡೆದಿವೆ. ಆದರೆ ನಮಗಿಬ್ಬರಿಗೂ ರಜೆ ಹೊಂದಿದ್ದು ಜನವರಿಯಲ್ಲಿ. ವೆಲಿಗಾಮ ಇರುವ ದಕ್ಷಿಣ ತೀರಕ್ಕೆ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಸೀಸನ್. ಆಗ ಈಶಾನ್ಯದ ಗಾಳಿ ನೆಲದ ಕಡೆಯಿಂದ ಸಮುದ್ರದ ಕಡೆಗೆ ಬೀಸುತ್ತದೆ. ಎಲ್ಲೋ ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಅಲೆ ದಡಕ್ಕೆ ಬರುವಾಗ ಈ ಎದುರುಗಾಳಿ ಅದನ್ನು ಕೆಡಿಸದೆ ನುಣುಪಾಗಿ ಇಡುತ್ತದೆ. ಮೇ ಬಂದರೆ ಗಾಳಿ ತಿರುಗುತ್ತದೆ, ಸರ್ಫ್ ಮಾಡುವವರೆಲ್ಲ ಪೂರ್ವದ ಅರುಗಮ್ ಬೇಗೆ ಹೋಗುತ್ತಾರೆ. ಜುಲೈನಲ್ಲಿ ರಜೆ ಇರುವವರು ವೆಲಿಗಾಮ ಬುಕ್ ಮಾಡಬೇಡಿ, ಎಷ್ಟೇ ರಿಯಾಯಿತಿ ಕೊಟ್ಟರೂ.

ಇನ್ನೊಂದು ಕಾರಣ ಅಡಿಯ ಮರಳು. ವೆಲಿಗಾಮ ಅಗಲವಾದ ಕೊಲ್ಲಿ, ಅಲೆ ಮುರಿಯುವ ಕಡೆ ಕೆಳಗೆ ಮರಳಿದೆ. ಬಿದ್ದರೆ ಮರಳಿಗೇ ಬೀಳುತ್ತೀರಿ. ಸ್ವಲ್ಪ ಪಶ್ಚಿಮಕ್ಕೆ ಮಿಡಿಗಾಮಕ್ಕೆ ಹೋದರೆ ಅಲೆ ಇನ್ನೂ ಚೆಂದ, ಆದರೆ ಅಲ್ಲಿ ತಳದಲ್ಲಿ ಬಂಡೆ. ಕಾಲು ಕೊಯ್ದುಕೊಂಡು ಬಂದವರನ್ನು ನಮ್ಮ ಕ್ಯಾಂಪಿನಲ್ಲೇ ನೋಡಿದೆ. ಹೊಸಬರು ಅತ್ತ ಅವಸರ ಮಾಡಬಾರದು.

ಹೋಗುವುದೇನೂ ಕಷ್ಟವಲ್ಲ. ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನ ಇದೆ, ಹತ್ತಿದ್ದೂ ಗೊತ್ತಾಗುವುದಿಲ್ಲ. ಪ್ರವೇಶದ ಪರವಾನಗಿಯನ್ನು ಮೊದಲೇ ಆನ್‌ಲೈನಿನಲ್ಲಿ ಮಾಡಿಸಿಕೊಳ್ಳಿ. ವಿಮಾನ ನಿಲ್ದಾಣದಿಂದ ಹೆದ್ದಾರಿಯಲ್ಲಿ ಮೂರು ಗಂಟೆ ಅಂತ ಇಟ್ಟುಕೊಳ್ಳಿ. ಕೊಲಂಬೊ ಫೋರ್ಟ್‌ನಿಂದ ಸಮುದ್ರದ ಅಂಚಿನಲ್ಲೇ ಹೋಗುವ ರೈಲಿದೆ, ಕಿಟಕಿ ಸಿಕ್ಕರೆ ಸ್ವರ್ಗ, ಸಿಗದಿದ್ದರೆ ಬ್ಯಾಗು ಹಿಡಿದು ನಿಂತೇ ಹೋಗಬೇಕು.

ಪಾಠ ಶುರುವಾಗುವುದು ಮರಳಿನ ಮೇಲೆ. ಬೋರ್ಡಿನ ಮೇಲೆ ಬೋರಲು ಮಲಗು, ಎದೆ ಎತ್ತು, ಅಂಗೈ ಊರಿ ಒಂದೇ ಏಟಿಗೆ ಎದ್ದು ನಿಲ್ಲು. ಸೂರ್ಯ ನಮಸ್ಕಾರ ಮಾಡುವವರಿಗೆ ಭುಜಂಗಾಸನ ಗೊತ್ತಲ್ವಾ, ಪ್ಯಾಡಲ್ ಮಾಡುವಾಗ, ಅಂದರೆ ಬೋರಲು ಮಲಗಿಕೊಂಡೇ ಕೈಯಿಂದ ನೀರು ತಳ್ಳಿ ಮುಂದೆ ಹೋಗುವಾಗ, ಬೆನ್ನು ಹೆಚ್ಚುಕಮ್ಮಿ ಹಾಗೇ ಇರಬೇಕು. ಆಮೇಲೆ ಸೊಂಟದವರೆಗಿನ ನೀರಲ್ಲಿ, ಆಗಲೇ ಮುರಿದು ನೊರೆಯಾಗಿ ಬರುವ ಅಲೆಯಲ್ಲಿ ಅಭ್ಯಾಸ. ಬೋರ್ಡು ಮೆತ್ತನೆಯ ಫೋಮಿನದು, ಉದ್ದ ಎಂಟೊಂಬತ್ತು ಅಡಿ. ದೊಡ್ಡ ಬೋರ್ಡು ಕೊಟ್ಟರೆ ಬೇಜಾರು ಮಾಡಿಕೊಳ್ಳಬೇಡಿ, ಉದ್ದ ಇದ್ದಷ್ಟೂ ಅಲ್ಲಾಡುವುದು ಕಮ್ಮಿ. ಅಲೆ ಬಂದಾಗ ಹಿಂದಿನಿಂದ ತಳ್ಳಿಕೊಡುವುದು ಹೇಳಿಕೊಡುವ ಹುಡುಗನ ಕೆಲಸ. ಊರಿನವನೇ, ಆ ಕೊಲ್ಲಿಯಲ್ಲೇ ಬೆಳೆದವನು. ನಾವು ಏನೂ ಕಾಣದೆ ಸುಮ್ನೆ ನಿಂತಿರುವಾಗ ಅವನು "ಈಗ ಬರುತ್ತೆ" ಅನ್ನುತ್ತಿದ್ದ, ಬರುತ್ತಿತ್ತು.

ಎದ್ದು ನಿಲ್ಲುವುದು ಕಷ್ಟ ಅಂದುಕೊಂಡಿದ್ದೆ. ಅದು ಬೇಗ ಬಂತು. ನಿಜವಾದ ಕಷ್ಟ ಪ್ಯಾಡಲ್. ತಳ್ಳುವವರಿಲ್ಲದೆ ಇನ್ನೂ ಮುರಿಯದ ಹಸಿರು ಅಲೆಯನ್ನು ನೀವೇ ಹಿಡಿಯಬೇಕಾದರೆ, ಅಲೆ ಬರುವ ಹೊತ್ತಿಗೆ ನಿಮ್ಮ ಬೋರ್ಡಿಗೆ ಆಗಲೇ ಒಳ್ಳೆ ವೇಗ ಇರಬೇಕು, ಆ ವೇಗ ಬರುವುದು ಭುಜದಿಂದ, ಮತ್ತು ಆಫೀಸಿನಲ್ಲಿ ಕೂತ ನನ್ನ ಭುಜಕ್ಕೆ ಆ ಕೆಲಸ ಗೊತ್ತೇ ಇರಲಿಲ್ಲ. ತಂಗಿ ವಾರಕ್ಕೆ ಮೂರು ದಿನ ಈಜುವವಳು, ನನಗಿಂತ ಮೊದಲೇ ಹಸಿರು ಅಲೆ ಹಿಡಿದಳು. ಹೋಗುವ ಮುಂಚೆ ಎರಡು ತಿಂಗಳು ಈಜುಕೊಳಕ್ಕೆ ಹೋಗಿ. ಯಾವ ಕ್ಯಾಂಪೂ ಒಂದು ವಾರದಲ್ಲಿ ನಿಮಗೆ ಭುಜ ಕೊಡುವುದಿಲ್ಲ.

ಪ್ಯಾಕೇಜಿನಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ವಿಡಿಯೋ. ದಡದಿಂದ ಒಬ್ಬ ಶೂಟ್ ಮಾಡುತ್ತಾನೆ, ಮಧ್ಯಾಹ್ನ ಎಲ್ಲರೂ ಕೂತು ನೋಡುತ್ತೇವೆ, ನಗುತ್ತೇವೆ. ನಾನು ಮಂಡಿ ಬಗ್ಗಿಸಿ ಠೀವಿಯಿಂದ ನಿಂತಿದ್ದೇನೆ ಅಂತ ನನ್ನ ಲೆಕ್ಕ. ನೋಡಿದರೆ ಮಂಡಿ ನೆಟ್ಟಗೆ, ಸೊಂಟ ಬಾಗಿ, ಬಿಂದಿಗೆ ಬಿದ್ದ ಬಾವಿ ಇಣುಕುವವಳ ಹಾಗಿದ್ದೆ. ಕಣ್ಣು ಎತ್ತ ಹೋಗುತ್ತದೋ ಬೋರ್ಡು ಅತ್ತಲೇ ಹೋಗುತ್ತದೆ. ಕೆಳಗೆ ನೋಡಿದರೆ ಕೆಳಗೇ. ಮಾರನೇ ದಿನದಿಂದ ತಂಗಿ ಪಕ್ಕದಿಂದ "ಅಕ್ಕಾ, ದಡ ನೋಡೇ!" ಅಂತ ಕೂಗುತ್ತಿದ್ದಳು. ಕೆಲಸ ಮಾಡಿತು.

ಸಮುದ್ರಕ್ಕಿಂತ ಜಾಸ್ತಿ ಹೆದರಬೇಕಾದ್ದು ಬೇರೆಯವರ ಬೋರ್ಡಿಗೆ. ಜನವರಿಯಲ್ಲಿ ವೆಲಿಗಾಮದ ನೀರು ಕಲಿಯುವವರಿಂದಲೇ ತುಂಬಿರುತ್ತದೆ. ಅಲೆ ಮುರಿಯುವ ಜಾಗಕ್ಕೆ ಯಾರು ಹತ್ತಿರವೋ ಅಲೆ ಅವರದು, ಉಳಿದವರು ಬಿಡಬೇಕು. ಬೀಳುವಾಗ ತಲೆ ಮುಂದಾಗಿ ಧುಮುಕಬೇಡಿ, ಮೈ ಅಗಲಿಸಿ ಬೀಳಿ, ಮೇಲೆ ಬರುವಾಗ ಕೈ ತಲೆಯ ಮೇಲಿರಲಿ. ಬೋರ್ಡನ್ನು ನಿಮ್ಮ ಮತ್ತು ಅಲೆಯ ಮಧ್ಯೆ ಅಡ್ಡ ಹಿಡಿಯಬೇಡಿ, ಮುಖಕ್ಕೇ ಬಡಿಯುತ್ತದೆ.

ಊಟದ ವಿಷಯ. ನಮಗೆ ಹೊಂದುವ ಊಟವೇ: ಅನ್ನ, ತೆಂಗಿನಹಾಲು ಹಾಕಿದ ಬೇಳೆ, ಎಳೆ ಹಲಸಿನ ಪಲ್ಯ, ಬೆಳಿಗ್ಗೆ ಅಪ್ಪಂ, ಒತ್ತುಶಾವಿಗೆ. ಆದರೆ ಸಸ್ಯಾಹಾರಿಗಳು ಎಚ್ಚರ. ಪೊಲ್ ಸಂಬೋಲ ಅಂತ ಕೆಂಪು ಕಾಯಿಚಟ್ನಿ ಇಡುತ್ತಾರೆ, ನೋಡಲು ನಮ್ಮನೆಯದೇ ಅನ್ನಿಸುತ್ತದೆ, ಅದರಲ್ಲಿ ಒಣಮೀನಿನ ಚೂರು ಹಾಕುವ ರೂಢಿ ಇದೆ. ಕೆಲವು ಪಲ್ಯಗಳಿಗೂ ಹಾಕುತ್ತಾರೆ. ಮೊದಲ ದಿನವೇ ಅಡುಗೆಯವರಿಗೆ ಹೇಳಿದರೆ ಬೇರೆ ಮಾಡಿಕೊಡುತ್ತಾರೆ, ನಮಗೆ ಮಾಡಿಕೊಟ್ಟರು. ಹುಣ್ಣಿಮೆಯ ಪೋಯ ದಿನ (ಬೌದ್ಧರ ರಜಾದಿನ) ಊರಲ್ಲಿ ಎಲ್ಲೂ ಮದ್ಯ ಮಾರುವುದಿಲ್ಲ. ನಮಗೇನೂ ನಷ್ಟವಾಗಲಿಲ್ಲ.

ಬುಕ್ ಮಾಡುವ ಮುಂಚೆ ಈಜುಕೊಳದ, ರೂಮಿನ ಫೋಟೋ ನೋಡಿ ಮರುಳಾಗಬೇಡಿ. ಒಬ್ಬ ಶಿಕ್ಷಕನಿಗೆ ಎಷ್ಟು ಜನ ಅಂತ ಕೇಳಿ. ನಾಲ್ಕಕ್ಕಿಂತ ಜಾಸ್ತಿ ಅಂದರೆ ನಾನಂತೂ ಬೇರೆ ಕಡೆ ಹುಡುಕುತ್ತೇನೆ, ಯಾಕಂದರೆ ಸರದಿ ಕಾಯುವುದರಲ್ಲೇ ಪಾಠ ಮುಗಿಯುತ್ತದೆ. ಪಾಠ ಮುಗಿದ ಮೇಲೆ ಬೋರ್ಡು ನಿಮ್ಮ ಹತ್ತಿರವೇ ಇರುತ್ತದೋ, ಮಧ್ಯಾಹ್ನದ ಊಟ ಸೇರಿದೆಯೋ, ವಿಮಾನ ನಿಲ್ದಾಣದ ಕಾರು ಸೇರಿದೆಯೋ? ನಮ್ಮದರಲ್ಲಿ ಕೊನೆಯ ಎರಡೂ ಇರಲಿಲ್ಲ, ಹೆಸರು ಮಾತ್ರ ಎಲ್ಲ ಸೇರಿದ್ದು. ಪ್ರಯಾಣದ ವಿಮೆ ಮಾಡಿಸುವಾಗ ಸರ್ಫಿಂಗ್ ಅದರಲ್ಲಿ ಬರುತ್ತದೆಯೇ ಅಂತಲೂ ಓದಿ, ಸಾಹಸ ಕ್ರೀಡೆ ಅಂತ ಹೊರಗಿಡುವ ಪಾಲಿಸಿಗಳಿವೆ.

ಬ್ಯಾಗಿಗೆ ಜಾಸ್ತಿ ಬೇಡ. ಉದ್ದ ತೋಳಿನ ರ‍್ಯಾಶ್ ಗಾರ್ಡ್ (ನೀರಿಗಿಳಿಯುವಾಗ ಹಾಕುವ ಬಿಗಿ ಅಂಗಿ) ಮತ್ತು ಈಜಿನ ಲೆಗ್ಗಿಂಗ್ಸ್ ಸಾಕು, ಇಲ್ಲದಿದ್ದರೆ ಬೋರ್ಡಿಗೆ ಉಜ್ಜಿ ಹೊಟ್ಟೆ, ಮಂಡಿ ಉರಿಯುತ್ತದೆ. ಮುಖಕ್ಕೆ ಬಿಳಿ ಜಿಂಕ್ ಕ್ರೀಮು, ಕಿವಿಯ ತುದಿಗೂ ಮಂಡಿಯ ಹಿಂದಕ್ಕೂ ಹಚ್ಚಿ. ಬೋರ್ಡು ಕೊಳ್ಳಬೇಕು ಅಂತ ವಾಪಸ್ಸು ಬಂದ ವಾರವೇ ಅನ್ನಿಸುತ್ತದೆ, ಬೇಡ. ಒಂಬತ್ತು ಅಡಿಯದನ್ನು ಬೆಂಗಳೂರಿನ ಫ್ಲ್ಯಾಟಿನಲ್ಲಿ ಎಲ್ಲಿಡುತ್ತೀರಿ? ಮಳೆಗಾಲ ಕಳೆದ ಮೇಲೆ ರಾತ್ರಿ ಬಸ್ಸಿಗೆ ಮಂಗಳೂರಿಗೆ ಹೋಗಿ, ಅಲ್ಲಿಂದ ಉಡುಪಿ ಬಸ್ಸು ಹತ್ತಿದರೆ ದಾರಿಯಲ್ಲೇ ಮುಲ್ಕಿ. ಬೋರ್ಡು ಅಲ್ಲೇ ಬಾಡಿಗೆಗೆ ಸಿಗುತ್ತದೆ.